ತುತ್ತೂರಿಯ ಮೂರನೇ ಕೂಗು

ತುತ್ತೂರಿಯಮ್ಮನಿಗೆ ಮೆಲ್ಲಗೆ ಮಾತಾಡುವುದು ಬರುತ್ತಿರಲಿಲ್ಲ. ಯಾರೂ ಕಲಿಸಲಿಲ್ಲ ಅಂತಲ್ಲ. ಹೆತ್ತ ತಾಯಿ ಕಲಿಸಿದಳು, ಮೇಷ್ಟರು ಬೆತ್ತ ಹಿಡಿದು ಕಲಿಸಿದರು, ಮದುವೆಯಾದ ಮೇಲೆ ಅತ್ತೆ ಕಣ್ಣು ಬಿಟ್ಟು ಕಲಿಸಿದಳು. ಏನು ಪ್ರಯೋಜನ? ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಪಕ್ಕದ ಮನೆಯಲ್ಲಿ ಒಂದು ಲೋಟ ಸಕ್ಕರೆ ಕೇಳಿದರೆ ಇವರ ಮನೆಯಲ್ಲಿ ಸಕ್ಕರೆ ಮುಗಿದಿದೆ ಅಂತ ಇಡೀ ಬೀದಿಗೆ ಗೊತ್ತಾಗುತ್ತಿತ್ತು. "ಹೆಣ್ಣಿನ ದನಿ ಹೊಸ್ತಿಲು ದಾಟಬಾರದು ಕಣೇ" ಅಂತ ತಾಯಿ ಬುದ್ಧಿ ಹೇಳಿದಾಗ ಹುಡುಗಿ "ಯಾಕಮ್ಮಾ?" ಅಂದಳಂತೆ. ಆ ಯಾಕಮ್ಮಾ ಹೊಸ್ತಿಲು ದಾಟಿ, ಅಂಗಳ ದಾಟಿ, ಎದುರು ಮನೆಯ ತೊಟ್ಟಿಲಲ್ಲಿ ಮಲಗಿದ್ದ ಕೂಸನ್ನು ಎಬ್ಬಿಸಿತಂತೆ. ತುತ್ತೂರಿ ಅನ್ನುವ ಹೆಸರು ಬಿದ್ದದ್ದು ಆಗಲೇ. ಮುಂದೆ ಮಗ ಹುಟ್ಟಿ, ತಲೆ ನರೆತು, ಸ್ವಲ್ಪ ಮರ್ಯಾದೆ ಬಂದ ಮೇಲೆ ಅದಕ್ಕೊಂದು ಅಮ್ಮ ಸೇರಿಕೊಂಡಿತು, ಅಷ್ಟೇ.

ಆದರೆ ನೋಡಿ, ಯಾವ ಗಂಟಲಿಗೆ ಜನ್ಮವಿಡೀ ಬೈಸಿಕೊಂಡಳೋ ಅದೇ ಗಂಟಲು ಅವಳಿಗೆ ಅನ್ನ ಹಾಕಿತು. ಗಂಡ ಕೋರ್ಟಿನಲ್ಲಿ ಜವಾನನಾಗಿದ್ದ. ಅವನು ತೀರಿಕೊಂಡಾಗ ಕೆಲಸ ಇವಳಿಗೆ ಬಂತು. ಮೊದಮೊದಲು ಕುರ್ಚಿ ಒರೆಸುವುದು, ಹೂಜಿಗೆ ನೀರು ತುಂಬಿಸುವುದು, ಇಷ್ಟೇ. ಒಂದು ದಿನ ಹೆಸರು ಕೂಗುವವನಿಗೆ ನೆಗಡಿಯಾಗಿ ದನಿ ಕಟ್ಟಿತು. ಶಿರಸ್ತೇದಾರರು ಅತ್ತಿತ್ತ ನೋಡಿ, "ನೀನೇ ಒಂದು ಸಲ ಕೂಗಮ್ಮಾ" ಅಂದರು. ಇವಳು ಬಾಗಿಲಲ್ಲಿ ನಿಂತು ಕೂಗಿದಳು. ಕೇಸಿನವರು ಓಡಿ ಬಂದದ್ದು ಸರಿಯೇ. ಕೇಸೇ ಇಲ್ಲದ ಇಬ್ಬರು ದಾರಿಹೋಕರೂ ಗಾಬರಿಯಿಂದ ಒಳಗೆ ಬಂದು ಕೈಕಟ್ಟಿ ನಿಂತುಬಿಟ್ಟರು. ಅಂದಿನಿಂದ ಆ ಕೆಲಸ ಅವಳದ್ದೇ ಆಯಿತು.

ಅದರಲ್ಲಿ ಅವಳಿಗೊಂದು ಕ್ರಮವಿತ್ತು. ಮೊದಲ ಕೂಗು ಕೋರ್ಟು ಹಾಲಿನ ಬಾಗಿಲಲ್ಲಿ. ಎರಡನೆಯದು ಮೆಟ್ಟಿಲ ತಲೆಯಲ್ಲಿ. ಮೂರನೆಯದು ಹೊರಗಿನ ಜಗಲಿಗೆ ಹೋಗಿ, ಕಂಬ ಹಿಡಿದು, ರಸ್ತೆಯಾಚೆಯ ಟೀ ಅಂಗಡಿಗೆ ಮುಖ ಮಾಡಿ. ಯಾಕೆಂದರೆ ಕೋರ್ಟಿಗೆ ಬಂದವರು ಕೋರ್ಟಿನಲ್ಲಿ ಇರುವುದಿಲ್ಲ, ಟೀ ಅಂಗಡಿಯಲ್ಲಿ ಇರುತ್ತಾರೆ. ವಾದಿ ಅಲ್ಲಿ, ಪ್ರತಿವಾದಿ ಅಲ್ಲಿ, ಸಾಕ್ಷಿ ಅಲ್ಲಿ, ಎಷ್ಟೋ ಸಲ ವಕೀಲರೂ ಅಲ್ಲೇ. ಕೂಗಿ ಒಳಗೆ ಬಂದ ಮೇಲೆ ಅವಳು ಹೇಳಬೇಕಾದದ್ದು ಎರಡರಲ್ಲಿ ಒಂದು: "ಇದ್ದಾರೆ", ಇಲ್ಲವೇ "ಇಲ್ಲ". ಇದರಾಚೆಗೆ ಒಂದಕ್ಷರ ಮಾತಾಡುವಂತಿಲ್ಲ. ಜೀವಮಾನವಿಡೀ ವಟವಟ ಅಂದವಳಿಗೆ ಇದು ಎಂಥ ಶಿಕ್ಷೆ ಅಂತ ಊಹಿಸಿ! ಆದರೂ ಅವಳು ಆ ಎರಡು ಮಾತನ್ನು ಎಷ್ಟು ಗತ್ತಿನಿಂದ ಹೇಳುತ್ತಿದ್ದಳೆಂದರೆ, ತೀರ್ಪು ಕೊಡುತ್ತಿರುವವಳು ಅವಳೇ ಅನ್ನಬೇಕು. ತನ್ನ ಕೋಳಿ ಕೂಗಿದರೇ ಬೆಳಗಾಗುವುದು ಅಂದುಕೊಂಡ ಮುದುಕಿಯ ಜಾತಿ ಅವಳದು.

ಈಚೆಗೆ ಕೋರ್ಟಿಗೆ ಮೈಕು ಬಂದಿತ್ತು. ಗೋಡೆಗೆರಡು ಕಪ್ಪು ಡಬ್ಬ, ಮೇಜಿನ ಮೇಲೊಂದು ಬಾಗಿದ ಕಡ್ಡಿ. "ಇನ್ನು ಮೇಲೆ ಇದರಲ್ಲೇ ಕೂಗಿ, ಜಗಲಿಗೆಲ್ಲ ಹೋಗಬೇಡಿ" ಅಂದಿದ್ದರು ಶಿರಸ್ತೇದಾರರು. ತುತ್ತೂರಿಯಮ್ಮ ಮೈಕಿಗೆ ಬಾಯಿಟ್ಟ ಮೊದಲ ದಿನವೇ ಒಂದು ಡಬ್ಬ ಕೀಚ್ ಅಂದು ಪ್ರಾಣ ಬಿಟ್ಟಿತು. ಮಿಕ್ಕಿದ್ದರಲ್ಲಿ ಕೂಗಿದರೆ ಹಾಲಿನಲ್ಲಿ ಕೂತವರಿಗೆ ಕಿವಿ ನೋವು, ಟೀ ಅಂಗಡಿಗೆ ಮಾತ್ರ ಏನೂ ಇಲ್ಲ. ಹೀಗಾಗಿ ಎರಡು ಕೂಗು ಮೈಕಿಗೆ, ಮೂರನೆಯದು ಜಗಲಿಗೆ ಅಂತ ತಾನೇ ರಾಜಿ ಮಾಡಿಕೊಂಡಳು. ಶಿರಸ್ತೇದಾರರು ಸಿಡುಕಿದರು, ಇವಳು ಕೇಳಿಸಿಕೊಳ್ಳಲಿಲ್ಲ.

ಇನ್ನು ಬೀಗರ ಕಥೆ. ಬೀಗರು ಅಂದರೆ ಅವಳ ಸೊಸೆಯ ತಂದೆ, ಪೇಟೆಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟವರು. ಒಳ್ಳೆಯ ಮನುಷ್ಯ, ಯಾವಾಗಲೂ ನಗುಮುಖ. ಊರಿಗೆಲ್ಲ ಕಣ್ಣು ಕೊಟ್ಟ ಆ ಮನುಷ್ಯನಿಗೆ ತನ್ನ ಕಿವಿ ಮಂದವಾಗಿದೆ ಅಂತ ಒಪ್ಪಿಕೊಳ್ಳಲು ಮಾತ್ರ ಮಹಾ ನಾಚಿಕೆ. ಕಿವಿಗೆ ಯಂತ್ರ ಹಾಕಿಸಿಕೊಳ್ಳಿ ಅಂದರೆ ನಗುತ್ತಾ ತಲೆಯಾಡಿಸುವರು, ಹಾಕಿಸಿಕೊಳ್ಳುವುದಿಲ್ಲ. ಯಾರು ಏನು ಹೇಳಿದರೂ ತಲೆಯಾಡಿಸುವುದೇ. "ಬಿಸಿಲು ಜಾಸ್ತಿ" ಅಂದರೂ ಹೌದು, "ಚಳಿ ಜಾಸ್ತಿ" ಅಂದರೂ ಹೌದು. ಗಿರಾಕಿಗಳಿಗೆ ಇದರಿಂದ ಭಾರಿ ಖುಷಿ. ಇಷ್ಟು ಸಹಮತ ಅವರಿಗೆ ಮನೆಯಲ್ಲಿ ಎಲ್ಲಿ ಸಿಗಬೇಕು? ಹಾಗೆ ನೋಡಿದರೆ ಊರಿನಲ್ಲಿ ಅವರಿಗೆ ಸ್ಪಷ್ಟವಾಗಿ ಕೇಳಿಸುತ್ತಿದ್ದ ದನಿ ಒಂದೇ ಒಂದು. ಯಾರದೆಂದು ಹೇಳಬೇಕಾಗಿಲ್ಲ.

ಮದುವೆ ಕುದುರಿದ್ದೂ ಒಂದು ತಮಾಷೆಯೇ. ತುತ್ತೂರಿಯಮ್ಮನ ಮಗನಿಗೆ ಗಿಡುಗನ ಕಣ್ಣು. ಅಂಥವನು ಒಂದೇ ವರ್ಷದಲ್ಲಿ ಎರಡು ಕನ್ನಡಕ ಮಾಡಿಸಿಕೊಂಡು ಬಂದ. ಮೂರನೆಯದಕ್ಕೆ ಹೊರಟಾಗ ತಾಯಿಗೆ ಹೊಳೆಯಿತು, ಅಂಗಡಿಯಲ್ಲಿ ಮಗಳೊಬ್ಬಳು ಕೂತಿರುತ್ತಾಳೆ ಅಂತ. ಹೆಣ್ಣು ಕೇಳಲು ಹೊರಟಳು. ಮಗ ಬಾಗಿಲಲ್ಲೇ ಕೈ ಹಿಡಿದು, "ಅಮ್ಮಾ, ನಿನ್ನ ದಮ್ಮಯ್ಯ, ಇವತ್ತೊಂದು ದಿನ ಮೆಲ್ಲಗೆ ಮಾತಾಡು" ಅಂದ. ಹೆತ್ತ ಮಗ ಹಾಗೆ ಅಂಗಲಾಚಿದರೆ ಯಾವ ತಾಯಿ ಇಲ್ಲ ಅನ್ನುತ್ತಾಳೆ? ಅಂಗಡಿಯಲ್ಲಿ ಕೂತು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಜೀವನದಲ್ಲೇ ಮೊದಲ ಬಾರಿಗೆ ಪಿಸುಗುಟ್ಟಿದಳು: "ನಿಮ್ಮ ಮಗಳನ್ನ ನಮ್ಮ ಮನೆಗೆ ಕೊಡ್ತೀರಾ?" ಬೀಗರು ಒಂದು ಕ್ಷಣ ಅವಳ ಮುಖ ನೋಡಿದರು. ಆಮೇಲೆ ನಗುತ್ತಾ ತಲೆಯಾಡಿಸಿದರು. ಮದುವೆ ಆಯಿತು. ಹುಡುಗ ಹುಡುಗಿ ಚೆನ್ನಾಗಿಯೂ ಇದ್ದರು.

ಆದರೆ ಜನ ಸುಮ್ಮನಿರುತ್ತಾರೆಯೇ? "ಪಾಪ, ಆ ಮನುಷ್ಯನಿಗೆ ಏನು ಕೇಳಿಸಿತ್ತೋ! ಕನ್ನಡಕಕ್ಕೆ ಗೂಡು ಬೇಕು ಅಂದಳು ಅಂದ್ಕೊಂಡು ತಲೆಯಾಡಿಸಿರಬೇಕು" ಅಂತ ಪೇಟೆಬೀದಿಯಲ್ಲೆಲ್ಲ ನಗೆ. ಅವರನ್ನೇ ಕೇಳಿದರೆ? "ಅವತ್ತು ಕೇಳಿಸಿತ್ತಾ?" ಅಂದರೂ ತಲೆಯಾಡಿಸುವರು, "ಕೇಳಿಸಿರಲಿಲ್ವಾ?" ಅಂದರೂ ತಲೆಯಾಡಿಸುವರು. ತುತ್ತೂರಿಯಮ್ಮ ಎಲ್ಲರ ಜೊತೆ ತಾನೂ ನಕ್ಕಳು. ಒಳಗೊಳಗೆ ಮಾತ್ರ ಅದೊಂದು ಮುಳ್ಳು ಹಾಗೇ ಉಳಿಯಿತು. ಆ ಮನುಷ್ಯ ಮನಸ್ಸಾರೆ ಕೊಟ್ಟರೋ, ಕಿವಿ ಕೇಳದೆ ಕೊಟ್ಟರೋ? ಗಟ್ಟಿಯಾಗಿ ಕೇಳಿದರೆ ಉತ್ತರ ಸಿಗುತ್ತಿತ್ತು, ಆದರೆ ಅವಳ ಗಟ್ಟಿ ಅಂದರೆ ಊರಿಗೆಲ್ಲ ಗಟ್ಟಿ. ಇಂಥ ಪ್ರಶ್ನೆಯನ್ನು ಬೀದಿಯಲ್ಲಿ ಕೂಗಿ ಕೇಳುವುದು ಹೇಗೆ? ವರ್ಷಗಳು ಕಳೆದವು, ಅವಳು ಕೇಳಲಿಲ್ಲ.

ಅಷ್ಟರಲ್ಲಿ ಯುದ್ಧ ಬಂತು. ರೇಡಿಯೋದಲ್ಲಿ ಮೆರವಣಿಗೆಯ ಸಂಗೀತ, ಕಿಟಕಿಗಳಿಗೆ ಕಪ್ಪು ಕಾಗದ, ಮಾರುಕಟ್ಟೆಯಲ್ಲಿ ಗುಸುಗುಸು. ಗಡಿಯಾಚೆ ಹುಟ್ಟಿ ಈಚೆ ನೆಲೆಸಿದವರನ್ನು ಯುದ್ಧಕಾಲದ ಕಾಯ್ದೆ ಹಿಡಿದು ಆಚೆ ಸಾಗಿಸುತ್ತಾರೆ ಅನ್ನುವ ಸುದ್ದಿ ಹಬ್ಬಿತು. ಬೀಗರು ಗಡಿಯಾಚೆ ಹುಟ್ಟಿದ್ದರೆಂದು ಅವರಿಗೇ ಸರಿಯಾಗಿ ನೆನಪಿರಲಿಲ್ಲ. ತಾಯಿಯ ಸೊಂಟದ ಮೇಲೆ ಕೂತು ಬಂದ ಕೂಸು. ಆಗ ಗಡಿ ಅಂದರೆ ಜನ ಸಂತೆಗೆ ಹೋಗುವಾಗ ದಾಟುತ್ತಿದ್ದ ಒಂದು ಹಳ್ಳ. ಅದಾದ ಮೇಲೆ ಅವರು ಪೇಟೆಬೀದಿ ಬಿಟ್ಟು ಎಲ್ಲಿಗೂ ಹೋದವರಲ್ಲ.

ಅಂಗಡಿಗೆ ಇಬ್ಬರು ಬಂದರು. ಬೀಗರು ಗಿರಾಕಿಗಳೆಂದು ತಿಳಿದು ಒಬ್ಬನನ್ನು ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಅಕ್ಷರ ತೋರಿಸಿ, "ಕೊನೇ ಸಾಲು ಓದಿ" ಅಂದರು. ಅವನು ಓದಲಿಲ್ಲ, ಕೇಳಿದ: "ನೀನು ಆಚೆ ಹುಟ್ಟಿದವನಾ?" ಬೀಗರು ತಲೆಯಾಡಿಸಿದರು. "ಅವರ ಕಡೆಯವನಾ?" ತಲೆಯಾಡಿಸಿದರು. "ನಮ್ಮ ಜೊತೆ ಬರ್ತೀಯಾ?" ಅದಕ್ಕೂ ತಲೆಯಾಡಿಸಿ, ಮುಗುಳ್ನಕ್ಕು, ಅವನ ಕಣ್ಣಿಗೆ ಗಾಜು ಹಾಕಲು ಹೋದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ! ಹಾಗೇ ಕೈಹಿಡಿದು ಕರೆದುಕೊಂಡು ಹೋಗಿ ಊರಾಚೆಯ ಹಳೇ ಗೋದಾಮಿನಲ್ಲಿ ಕೂಡಿಹಾಕಿದರು. ಯಾಕೆ ಅಂತ ಮನೆಯವರಿಗೆ ಯಾರೂ ಹೇಳಲಿಲ್ಲ. ಗೇಟಿನಲ್ಲಿ ಕೇಳಿದರೆ, "ಯುದ್ಧಕಾಲ, ಏನೂ ಹೇಳೋ ಹಾಗಿಲ್ಲ" ಅಷ್ಟೇ.

ಸೊಸೆ ಅನ್ನ ಬಿಟ್ಟಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತ ಉಪ್ಪಿಗೂ ಖಾರಕ್ಕೂ ದಿನಾ ಜಗಳವಾಡುತ್ತಿದ್ದ ಇಬ್ಬರೂ ಈಗ ಒಂದೇ ತಟ್ಟೆಯ ಮುಂದೆ ಕೂತು, ಒಬ್ಬರಿಗೊಬ್ಬರು "ನೀನು ತಿನ್ನು", "ನೀವು ತಿನ್ನಿ" ಅನ್ನುವ ಹಾಗಾಯಿತು. ತುತ್ತೂರಿಯಮ್ಮನೇ ಹೇಳಿದಳು: "ಅಳಬೇಡ. ಕೋರ್ಟಿದೆ. ಅರ್ಜಿ ಹಾಕು."

"ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತ ನೀವೇ ಹೇಳ್ತಿದ್ರಲ್ಲ ಅತ್ತೆ?"

"ಅದು ಗದ್ದೆ ಬದುವಿನ ಕೇಸಿಗೆ ಹೇಳಿದ್ದು. ಸುಮ್ನೆ ಎದ್ದು ಸೀರೆ ಉಟ್ಕೋ."

ಸೊಸೆ ವಕೀಲರನ್ನು ಹಿಡಿದಳು, ಅರ್ಜಿ ಬಿತ್ತು. ತಂದೆಯನ್ನು ಯಾವ ಕಾರಣಕ್ಕೆ ಹಿಡಿದಿದ್ದಾರೆ ಹೇಳಲಿ, ಅವರ ಮಾತನ್ನೂ ಕೇಳಲಿ, ಅಲ್ಲಿಯವರೆಗೆ ಎಲ್ಲಿಗೂ ಸಾಗಿಸಬಾರದು ಅಂತ. ವಿಚಾರಣೆಯ ಬೆಳಿಗ್ಗೆ ಶಿರಸ್ತೇದಾರರು ತುತ್ತೂರಿಯಮ್ಮನನ್ನು ಪಕ್ಕಕ್ಕೆ ಕರೆದರು. "ನಿಮ್ಮ ಬೀಗರ ಕೇಸು ಅಂತ ಗೊತ್ತು. ಕೂಗೋದು ಮಾತ್ರ ನಿಮ್ಮ ಕೆಲಸ. ಒಂದಕ್ಷರ ಹೆಚ್ಚು ಕಡಿಮೆ ಆದ್ರೆ ನಿಮ್ಮ ನೌಕರಿಗೂ ಸಂಚಕಾರ, ನಿಮ್ಮ ಬೀಗರ ಕೇಸಿಗೂ ಕೆಟ್ಟ ಹೆಸರು. ತಿಳೀತಾ?" ಅಂದರು. ಇವಳು ಬಾಯಿ ಮುಚ್ಚಿಕೊಂಡು ತಲೆಯಾಡಿಸಿದಳು, ಥೇಟ್ ಬೀಗರ ಹಾಗೆ.

ನ್ಯಾಯಾಧೀಶರು ಒಬ್ಬ ಪುಟ್ಟ ಹೆಂಗಸು. ಎಲ್ಲರೂ ಹಿಂದಿನಿಂದ ಜಡ್ಜಮ್ಮ ಅನ್ನುತ್ತಿದ್ದರು. ಅವರ ದನಿ ಎಷ್ಟು ಮೆತ್ತಗೆಂದರೆ ವಕೀಲರು ಮೇಜಿನ ಮೇಲೆ ಬಗ್ಗಿ ಬಗ್ಗಿ ಕೇಳಬೇಕು. ಬೇಕೆಂದೇ ಹಾಗೆ ಮಾತಾಡುತ್ತಾರೆ, ವಕೀಲರು ಬಗ್ಗಲಿ ಅಂತ, ಅನ್ನುವವರೂ ಇದ್ದರು. ಆ ದಿನ ಸರ್ಕಾರಿ ವಕೀಲರು ಬಗ್ಗಲಿಲ್ಲ. ಎದೆಯುಬ್ಬಿಸಿ ನಿಂತು ಹೇಳಿದರು:

"ಮೇಡಂ, ಇದು ಯುದ್ಧಕಾಲದ ಕಾಯ್ದೆ. ಯಾರನ್ನ ಕಳಿಸಬೇಕು ಅನ್ನೋದು ಸರ್ಕಾರಕ್ಕೆ ಬಿಟ್ಟ ವಿಷಯ. ಕೋರ್ಟು ಇದರಲ್ಲಿ ಕೈ ಹಾಕೋ ಹಾಗಿಲ್ಲ."

"ಯುದ್ಧ ಮಾಡೋದು ಸರ್ಕಾರದ ಕೆಲಸ, ನಾನು ಅಡ್ಡ ಬರಲ್ಲ" ಅಂದರು ಜಡ್ಜಮ್ಮ. "ಆದ್ರೆ ಆ ಕಾಯ್ದೆ ಇರೋದು ಶತ್ರುಗಳಿಗೆ. ಈ ಮನುಷ್ಯ ಶತ್ರು ಹೌದೋ ಅಲ್ವೋ ಅಂತ ಯಾರು ವಿಚಾರಿಸಿದ್ರು?"

"ಅಧಿಕಾರಿಗಳು ವಿಚಾರಿಸಿದ್ದಾರೆ. ಅವನೇ ಒಪ್ಪಿಕೊಂಡಿದ್ದಾನೆ. ಹೋಗೋದಕ್ಕೂ ಒಪ್ಪಿದ್ದಾನೆ."

"ಬಾಯಿಬಿಟ್ಟು ಒಪ್ಪಿದ್ರಾ?"

ಸರ್ಕಾರಿ ವಕೀಲರು ಕಾಗದ ನೋಡಿದರು. "ಪ್ರತಿ ಪ್ರಶ್ನೆಗೂ ತಲೆಯಾಡಿಸಿ ಒಪ್ಪಿದ್ದಾನೆ ಅಂತ ಇದೆ."

ಹಿಂದಿನ ಬೆಂಚಿನಲ್ಲಿ ಸೊಸೆ ತಡೆಯಲಾರದೆ ಎದ್ದು ನಿಂತಳು. "ಅಯ್ಯೋ! ಅಪ್ಪ ಎಲ್ಲದಕ್ಕೂ ತಲೆಯಾಡಿಸ್ತಾರೆ! ಅವರಿಗೆ ಕಿವಿ ಕೇಳಲ್ಲ!" ಅಂದಳು. ಇಷ್ಟು ದಿನ ಕಾರಣವೇ ಹೇಳದೆ ಇಟ್ಟಿದ್ದರಿಂದ ಅವಳಿಗೂ ಅವಳ ವಕೀಲರಿಗೂ ಹೀಗೆ ತಲೆಯಾಡಿಸಿ ಒಪ್ಪಿದ ವಿಷಯ ತಿಳಿದದ್ದೇ ಆ ಗಳಿಗೆಯಲ್ಲಿ. ಬಾಗಿಲ ಬಳಿ ನಿಂತಿದ್ದ ತುತ್ತೂರಿಯಮ್ಮನ ನಾಲಿಗೆಯ ತುದಿಗೆ ಹತ್ತು ಮಾತು ಬಂದವು. ಹತ್ತನ್ನೂ ನುಂಗಿದಳು.

"ಕಿವಿ ಕೇಳುತ್ತೋ ಇಲ್ವೋ, ಅವರನ್ನ ಇಲ್ಲಿ ಕರೆಸಿ ನೋಡೋಣ" ಅಂದರು ಜಡ್ಜಮ್ಮ.

"ಸಾಧ್ಯವಿಲ್ಲ ಮೇಡಂ. ಬೆಳಿಗ್ಗೆಯೇ ಬಸ್ಸು ಹೊರಟಿದೆ. ಇಷ್ಟು ಹೊತ್ತಿಗೆ ಗಡಿ ದಾಟಿರುತ್ತೆ. ಗಡಿಯಾಚೆ ಈ ಕೋರ್ಟಿನ ಮಾತು ನಡೆಯಲ್ಲ. ಅರ್ಜಿಯಲ್ಲಿ ಇನ್ನೇನೂ ಉಳಿದಿಲ್ಲ, ವಜಾ ಮಾಡಬೇಕು." ಆ ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ, ಬಸ್ಸು ಹೊರಟಿದ್ದು ನಿಜ.

ಸೊಸೆ ಬೆಂಚಿನ ಮೇಲೆ ಕುಸಿದು ಕೂತಳು. ಹೋಗೇಬಿಟ್ಟರೇ? ಒಂದು ಮಾತು ಹೇಳದೆ, ಒಂದು ಮಾತು ಕೇಳದೆ, ಆ ನಗುಮುಖದ ಮನುಷ್ಯನನ್ನು ಹಳ್ಳದಾಚೆ ಇಳಿಸಿ ಬಂದುಬಿಟ್ಟರೇ? ಅಲ್ಲಿ ಯಾರಿದ್ದಾರೆ ಅವರಿಗೆ? ಯಾರಾದರೂ "ಊಟ ಆಯ್ತಾ?" ಅಂತ ಕೇಳಿದರೂ ಹಸಿದ ಹೊಟ್ಟೆಯಲ್ಲೇ ತಲೆಯಾಡಿಸುತ್ತಾರಲ್ಲ ಅಂತ ನೆನೆದು ತುತ್ತೂರಿಯಮ್ಮನಿಗೆ ಕಣ್ಣು ತುಂಬಿ ಬಂತು.

ಜಡ್ಜಮ್ಮ ಪೆನ್ನು ಕೆಳಗಿಟ್ಟರು. ಆಮೇಲೆ ಶಿರಸ್ತೇದಾರರ ಕಡೆ ತಿರುಗಿ, "ಆ ಮನುಷ್ಯನ ಹೆಸರು ಕೂಗಿಸಿದ್ರಾ?" ಅಂದರು.

"ಇಲ್ಲದವರನ್ನ ಕೂಗೋದೇನು ಮೇಡಂ?"

"ಇಲ್ಲ ಅಂತ ಬರೀಬೇಕಾದ್ರೂ ಮೂರು ಸಲ ಕೂಗಿದ ಮೇಲೇ ಬರೀಬೇಕು. ಕೂಗಿಸಿ."

ತುತ್ತೂರಿಯಮ್ಮ ಮೈಕಿನ ಮುಂದೆ ಬಂದಳು. ಚೀಟಿಯಲ್ಲಿ ಬೀಗರ ಪೂರ್ತಿ ಹೆಸರು, ಅವರ ತಂದೆಯ ಹೆಸರು. ಇಷ್ಟು ವರ್ಷ ಬೀಗರೇ ಅಂತ ಕರೆದವಳು ಅವರ ಹೆಸರನ್ನು ನಾಲಿಗೆಯ ಮೇಲೆ ತಂದದ್ದು ಅದೇ ಮೊದಲು. ಮೊದಲ ಸಲ ದನಿ ನಡುಗಿತು. ಎರಡನೇ ಸಲ ಡಬ್ಬ ಗೊರಗೊರ ಅಂದಿತು. ಶಿರಸ್ತೇದಾರರು, "ಮೂರನೆಯದನ್ನೂ ಇಲ್ಲೇ ಮುಗಿಸಿ" ಅಂದರು. ಇವಳು ಆಗಲೇ ಬೆನ್ನು ತಿರುಗಿಸಿ ಹೊರಟಿದ್ದಳು. ಜಗಲಿಗೆ ಬಂದು, ಕಂಬ ಹಿಡಿದು, ಕಾಲು ಅಗಲಿಸಿ ನಿಂತಳು. ಹೋದ ಮನುಷ್ಯ ಹೋದರು, ಗಡಿಯಾಚೆಗಾದರೂ ಕೇಳಿಸಲಿ ಅಂತ, ಹೊಟ್ಟೆಯೊಳಗಿನ ಸಂಕಟವನ್ನೆಲ್ಲ ಗಂಟಲಿಗೆ ತಂದು ಕೂಗಿದಳು. ತಂದೆಯ ಹೆಸರು ಸೇರಿಸಿ, "ಇದ್ದಾರಾ... ಆ... ಆ...?" ಅಂತ ಎಳೆದು ಕೂಗಿದಳು. ಮರದ ಕಾಗೆಗಳು ಎದ್ದವು. ಸೈಕಲ್ಲಿನವನೊಬ್ಬ ಕಾಲು ನೆಲಕ್ಕಿಟ್ಟ.

ಟೀ ಅಂಗಡಿಯ ಹಿಂದಿನಿಂದ ಉತ್ತರ ಬಂತು.

"ಇದ್ದೀನಿ! ಇದ್ದೀನಿ ಬೀಗಿತ್ತೀ! ಯಾಕೆ ಹಾಗೆ ಕಿರುಚ್ತೀರಾ, ಗಂಟಲು ಹೋದೀತು!"

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಕೋರ್ಟಿನ ರಸ್ತೆಯಲ್ಲಿ ಹೋಗುವ ಪೊಲೀಸರು ಆ ಅಂಗಡಿಯ ಟೀ ಕುಡಿಯದೆ ಹೋದದ್ದುಂಟೇ? ವರ್ಷವಿಡೀ ಕೈದಿಗಳನ್ನು ಕರೆತಂದು ಅಲ್ಲೇ ಲೋಟ ಹಿಡಿದು ನಿಂತವರು. ಗಡಿಯ ಬಸ್ಸಿಗೆ ಕಾವಲು ಹಾಕಿದ್ದೂ ಅವರನ್ನೇ. ಬಸ್ಸು ಅಂಗಡಿಯ ಹಿಂದಿನ ಮರದ ನೆರಳಿನಲ್ಲಿ ನಿಂತಿತ್ತು. ಒಂದು ಟೀ ಎರಡಾಗಿ, ಎರಡನೆಯದರ ಜೊತೆ ಬಿಸ್ಕತ್ತು ಬಂದು, ಬಿಸ್ಕತ್ತಿನ ಜೊತೆ ಯುದ್ಧದ ಮಾತು ಬಂದು, ಹೊತ್ತು ಹೋದದ್ದೇ ಗೊತ್ತಾಗಿರಲಿಲ್ಲ. ಬಸ್ಸಿನೊಳಗೆ ತೂಕಡಿಸುತ್ತಿದ್ದ ಬೀಗರು ತಮಗೆ ಕೇಳುವ ಒಂದೇ ದನಿ ಕಿವಿಗೆ ಬಿದ್ದೊಡನೆ ಧಡಕ್ಕನೆ ಎದ್ದು, ಮೇಲಿನ ಕಂಬಿಗೆ ತಲೆ ಹೊಡೆಸಿಕೊಂಡು, ಜಾಲರಿಯ ಕಿಟಕಿಗೆ ಮುಖ ಒತ್ತಿ ನಿಂತಿದ್ದರು.

ತುತ್ತೂರಿಯಮ್ಮ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಒಳಗೆ ಬಂದಳು. ಹೇಳಬೇಕು ಅನ್ನಿಸಿದ್ದು ನೂರು. ಹೇಳಲು ಹಕ್ಕಿದ್ದದ್ದು ಒಂದು. ಆ ಒಂದನ್ನು ಹೇಳಿದಳು ನೋಡಿ:

"ಇದ್ದಾರೆ!"

ಗೋಡೆಯ ಮೇಲೆ ಉಳಿದಿದ್ದ ಇನ್ನೊಂದು ಡಬ್ಬವೂ ಅಂದಿಗೆ ಮುಗಿಯಿತು ಅನ್ನುತ್ತಾರೆ. ಅದು ಅತಿಶಯೋಕ್ತಿ ಇರಬಹುದು. ಆದರೆ ಸರ್ಕಾರಿ ವಕೀಲರ ಕೈಯಿಂದ ಕಾಗದ ಜಾರಿದ್ದಂತೂ ನಿಜ. ಸೊಸೆ ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳಲು ಬರುತ್ತಿರಲಿಲ್ಲ. ಅತ್ತೆಗೆ ಮಾತ್ರ ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು.

ಬೀಗರನ್ನು ಕರೆತಂದರು. ಗಡ್ಡ ಬೆಳೆದಿತ್ತು, ಅಂಗಿ ಮುದುಡಿತ್ತು, ನಗು ಮಾತ್ರ ಹಾಗೇ ಇತ್ತು. ಒಳಗೆ ಬಂದವರೇ ಮೊದಲು ನೋಡಿದ್ದು ಸರ್ಕಾರಿ ವಕೀಲರ ಕನ್ನಡಕವನ್ನು. ಅದು ಅವರ ಅಂಗಡಿಯದೇ, ಒಂದು ಕಡೆ ವಾಲಿತ್ತು. ಯಾರು ಏನು ಅನ್ನುವ ಮೊದಲೇ ಹತ್ತಿರ ಹೋಗಿ, ಅವರ ಮೂಗಿನಿಂದ ಕನ್ನಡಕ ತೆಗೆದು, ಕಡ್ಡಿ ಮೆಲ್ಲಗೆ ಬಗ್ಗಿಸಿ, ಒರೆಸಿ, ಮತ್ತೆ ಇಟ್ಟರು. "ಈಗ ನೋಡಿ, ಸರಿಯಾಗಿ ಕಾಣುತ್ತೆ" ಅಂದರು. ಸರ್ಕಾರಿ ವಕೀಲರು ಅಭ್ಯಾಸಬಲದಿಂದ "ಥ್ಯಾಂಕ್ಸ್" ಅಂದುಬಿಟ್ಟರು.

ಜಡ್ಜಮ್ಮ ತಮ್ಮ ಎಂದಿನ ಮೆಲುದನಿಯಲ್ಲಿ ಕೇಳಿದರು: "ನೀವು ಶತ್ರುಗಳ ಕಡೆಯವರಾ?"

ಬೀಗರು ನಗುತ್ತಾ ತಲೆಯಾಡಿಸಿದರು.

"ನೋಡಿದ್ರಾ ಮೇಡಂ!" ಅಂದರು ಸರ್ಕಾರಿ ವಕೀಲರು.

"ನೋಡ್ತಿದ್ದೀನಿ, ಇರಿ." ಅದೇ ದನಿಯಲ್ಲಿ ಇನ್ನೊಂದು ಪ್ರಶ್ನೆ: "ಈ ಗೋಡೆ ಗಡಿಯಾರ ನುಂಗಿದ್ದು ನೀವೇನಾ?"

ತಲೆಯಾಡಿಸಿದರು.

"ಆಕಾಶಕ್ಕೆ ಏಣಿ ಹಾಕಿದ್ದು?"

ಅದಕ್ಕೂ ತಲೆಯಾಡಿಸಿದರು, ಸ್ವಲ್ಪ ವಿನಯದಿಂದ.

"ಈ ಸರ್ಕಾರಿ ವಕೀಲರು ಇವತ್ತು ಹೇಳಿದ್ದೆಲ್ಲ ಬರೀ ತಪ್ಪು, ಅಲ್ವಾ?"

ಬೀಗರು ಎಲ್ಲಕ್ಕಿಂತ ಜೋರಾಗಿ ತಲೆಯಾಡಿಸಿದರು. ಹಾಲಿಗೆ ಹಾಲೇ ಗೊಳ್ಳೆಂದಿತು. ಶಿರಸ್ತೇದಾರರು "ಸದ್ದು! ಸದ್ದು!" ಅನ್ನುತ್ತಾ ತಾವೇ ಕರವಸ್ತ್ರ ಬಾಯಿಗೆ ಒತ್ತಿಕೊಂಡರು. ಬೀಗರಿಗೆ ಏನೂ ಅರ್ಥವಾಗದಿದ್ದರೂ ಎಲ್ಲರೂ ನಗುತ್ತಿದ್ದಾರಲ್ಲ ಅಂತ ತಾವೂ ನಕ್ಕರು.

ಜಡ್ಜಮ್ಮ ಮಾತ್ರ ನಗಲಿಲ್ಲ. ಬಾಗಿಲ ಕಡೆ ನೋಡಿದರು. "ಕೂಗೋರು ಮುಂದೆ ಬನ್ನಿ. ನಾನು ಹೇಳಿದ್ದನ್ನ ಹೇಳಿದ ಹಾಗೇ ಅವರಿಗೆ ಕೂಗಿ ಹೇಳಿ. ನಿಮ್ಮದು ಅಂತ ಒಂದು ಮಾತೂ ಸೇರಿಸಬೇಡಿ."

ತುತ್ತೂರಿಯಮ್ಮ ಬಂದು ಬೀಗರ ಎದುರು ನಿಂತಳು. ಸೇರಿಸಬಾರದು, ಸೇರಿಸಲಿಲ್ಲ. ಜಡ್ಜಮ್ಮನ ಮಾತನ್ನು ತನ್ನ ಗಂಟಲಿಗೆ ಹಾಕಿಕೊಂಡು ಕೂಗಿದಳು:

"ನೀವು ಶತ್ರುಗಳ ಕಡೆಯವರು, ಈ ದೇಶ ಬಿಟ್ಟು ಹೋಗೋಕೆ ಒಪ್ಪಿದ್ದೀರಿ ಅಂತ ಬರೆದಿದ್ದಾರೆ! ಹೌದಾ?"

ಬೀಗರ ನಗು ನಿಂತಿತು. ಅವಳ ಮುಖವನ್ನೇ ನೋಡಿದರು. ಗೋದಾಮು, ಜಾಲರಿ, ಬಸ್ಸು, ಎಲ್ಲದರ ಅರ್ಥ ಅವರಿಗೆ ಆಗ ಹೊಳೆಯಿತೆಂದು ಕಾಣುತ್ತದೆ. ಇಷ್ಟು ದಿನ ಅವರು ಅದನ್ನು ಯಾವುದೋ ಕಣ್ಣಿನ ಶಿಬಿರ ಅಂದುಕೊಂಡಿದ್ದರಂತೆ. ಅಲ್ಲಿದ್ದವರ ಕಣ್ಣೆಲ್ಲ ಪರೀಕ್ಷೆ ಮಾಡಿ ಮುಗಿಸಿದ್ದರಂತೆ. ಈಗ ಪೇಟೆಬೀದಿಯಲ್ಲಿ ಯಾರೂ ಯಾವತ್ತೂ ನೋಡದಿದ್ದ ರೀತಿಯಲ್ಲಿ ತಲೆಯನ್ನು ಎಡಕ್ಕೂ ಬಲಕ್ಕೂ ಬೀಸಿದರು.

"ಇಲ್ಲ!" ಅಂದರು. "ಯಾರ್ರೀ ಹೇಳಿದ್ದು? ಇಲ್ಲ! ನನ್ನ ಮಗಳು ಇಲ್ಲಿದ್ದಾಳೆ, ಅಂಗಡಿ ಇಲ್ಲಿದೆ. ನಾನ್ಯಾಕೆ ಹೋಗಲಿ? ಇಲ್ಲ!" ಮತ್ತೊಮ್ಮೆ ಜಡ್ಜಮ್ಮನ ಕಡೆ ತಿರುಗಿ, ಕೈಮುಗಿದು, "ಇಲ್ಲ ತಾಯೀ. ನನಗೆ ಕಿವಿ ಸರಿಯಾಗಿ ಕೇಳಲ್ಲ" ಅಂದರು. ತಮ್ಮ ಕಿವಿಯ ಮಾತನ್ನು ಅವರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಸೊಸೆ ಓಡಿ ಬಂದು ಅಪ್ಪನ ತೋಳು ಹಿಡಿದಳು, ಯಾರೂ ತಡೆಯಲಿಲ್ಲ.

ಸರ್ಕಾರಿ ವಕೀಲರು ಇನ್ನೂ ಬಿಡಲಿಲ್ಲ, ಅದು ಅವರ ಕೆಲಸ. "ಮೇಡಂ, ಹೀಗೆ ಒಬ್ಬೊಬ್ಬರನ್ನೂ ಕೇಳ್ತಾ ಕೂತ್ರೆ ಯುದ್ಧ ಮಾಡೋದು ಯಾವಾಗ?"

"ಯುದ್ಧ ಸೈನಿಕರು ಮಾಡ್ತಾರೆ. ಕೇಳೋದಕ್ಕೆ ನಾವಿದ್ದೀವಿ. ನಮಗೆ ಬೇರೆ ಏನು ಕೆಲಸ?" ಅಂದರು ಜಡ್ಜಮ್ಮ. "ಕಾಯ್ದೆ ಸರಿಯೋ ತಪ್ಪೋ ಅನ್ನೋದು ಮುಂದಿನ ಮಾತು. ಯಾಕೆ ಕಳಿಸ್ತಿದ್ದೀವಿ ಅಂತ ಅವರಿಗೆ ತಿಳಿಯೋ ಹಾಗೆ ಹೇಳಿ, ಅವರ ಉತ್ತರ ಕೇಳೋವರೆಗೂ ಯಾರೂ ಎಲ್ಲಿಗೂ ಹೋಗಲ್ಲ. ಬಸ್ಸಿನಲ್ಲಿ ಇನ್ನೂ ಜನ ಇದ್ದಾರಲ್ಲ? ಅವರನ್ನೂ ಕೂಗಿಸಿ."

ಅಂದು ಮಧ್ಯಾಹ್ನವಿಡೀ ತುತ್ತೂರಿಯಮ್ಮ ಕೂಗಿದಳು. ಶಿರಸ್ತೇದಾರರೇ ಕುರ್ಚಿ ತಂದು ಜಗಲಿಯಲ್ಲಿ ಹಾಕಿದರು, ಬಿಸಿನೀರು ಕೊಟ್ಟರು, ಮೈಕಿನ ಸುದ್ದಿ ಎತ್ತಲಿಲ್ಲ. ಒಂದೊಂದು ಹೆಸರಿಗೂ ಬಸ್ಸಿನಿಂದ "ಇದ್ದೀನಿ" ಅನ್ನುತ್ತಾ ಒಬ್ಬೊಬ್ಬರು ಇಳಿದು ಬಂದರು. ಹೊಲಿಗೆಯವಳೊಬ್ಬಳು ಸೂಜಿ ಚುಚ್ಚದ ಹಾಗೆ ಬೆರಳಿಗೆ ಹಾಕುವ ಅಂಗುಸ್ತಾನವನ್ನು ಇನ್ನೂ ಹಾಕಿಕೊಂಡೇ ಇಳಿದಳು. ಇಬ್ಬರು ಅಣ್ಣತಮ್ಮಂದಿರು, ಯಾರ ಹೆಸರು ಕೂಗಿದರೂ ಇಬ್ಬರೂ ಓಡಿಬಂದರು. ಟೀ ಅಂಗಡಿಯವನು ಎಲ್ಲರಿಗೂ ಟೀ ಕೊಟ್ಟ. ಕೂಗು ಕೇಳಲೆಂದೇ ಜನ ಸೇರಿ ರಸ್ತೆ ತುಂಬಿತು. ಒಂದೊಂದು "ಇದ್ದೀನಿ"ಗೂ ಅವರು ಹೋ ಅನ್ನತೊಡಗಿದರು. ಮುಂದಿನ ವಾರಗಳಲ್ಲಿ ಎಲ್ಲರ ಮಾತನ್ನೂ ಕೇಳಿದರು, ಹೆಚ್ಚಿನವರು ತಮ್ಮ ತಮ್ಮ ಮನೆ ಸೇರಿದರು. ಒಬ್ಬ ಮಾತ್ರ ಹೋಗುತ್ತೇನೆ ಅಂದ. ಆಚೆ ಅವನ ಮುದಿ ತಾಯಿ ಇದ್ದಳು. ಅವನನ್ನೂ ಕೇಳಿಯೇ ಕಳಿಸಿದರು.

ಬೀಗರ ವಿಚಾರಣೆ ಮುಗಿದು, ಇವರು ಎಲ್ಲಿಗೂ ಹೋಗಬೇಕಾಗಿಲ್ಲ ಅಂತ ಆದ ಸಂಜೆ, ತುತ್ತೂರಿಯಮ್ಮ ಅಂಗಡಿಗೆ ಹೋದಳು. ಬೀಗರು ಗಾಜು ಉಜ್ಜುತ್ತಾ ಕೂತಿದ್ದರು. ಕಿವಿಯಲ್ಲಿ ಹೊಸ ಯಂತ್ರ. ಮಗಳು ಹಟ ಹಿಡಿದು ಹಾಕಿಸಿದ್ದಳು.

"ಈಗ ನೀವು ಮೆಲ್ಲಗೆ ಮಾತಾಡಬೇಕು ಬೀಗಿತ್ತೀ" ಅಂದರು. "ಇಲ್ಲದಿದ್ರೆ ಇದು ಒಡೆದುಹೋಗುತ್ತೆ."

"ಸಾಕು ಬಿಡಿ, ತಮಾಷೆ" ಅಂದಳು. ಕೂತಳು. ಗಾಜಿನ ಕಪಾಟು ನೋಡಿದಳು, ಗೋಡೆಯ ಅಕ್ಷರ ನೋಡಿದಳು, ಎದುರು ಸಾಲಿನ ಕ್ಷೌರದ ಅಂಗಡಿ ನೋಡಿದಳು. ಆಮೇಲೆ ಸೆರಗು ಬಾಯಿಗೆ ಅಡ್ಡ ಹಿಡಿದು, ತನ್ನಿಂದ ಆದಷ್ಟು ಸಣ್ಣದಾಗಿ ಕೇಳಿದಳು. "ಬೀಗರೇ, ನಿಜ ಹೇಳಿ. ಅವತ್ತು ನಾನು ಹೆಣ್ಣು ಕೇಳೋಕೆ ಬಂದಾಗ ಪಿಸುಪಿಸು ಅಂತ ಕೇಳಿದೆ. ನಿಮಗೆ ಕೇಳಿಸದೇನೇ ತಲೆಯಾಡಿಸಿದ್ರಿ, ಅಲ್ವಾ?"

ಬೀಗರು ಗಾಜು ಕೆಳಗಿಟ್ಟರು. ಆ ದಿನ ಕೋರ್ಟಿನಲ್ಲಿ ಬೀಸಿದ ಹಾಗೇ ತಲೆಯನ್ನು ಎಡಕ್ಕೂ ಬಲಕ್ಕೂ ಬೀಸಿದರು.

"ಪಿಸುಪಿಸು ಅಂತ ನಿಮಗೆ ಯಾರು ಹೇಳಿದ್ದು? ನೀವು ಪಿಸುಗುಟ್ಟಿದ್ದು ಎದುರಿನ ಕ್ಷೌರದವನಿಗೂ ಕೇಳಿಸಿತ್ತು! ಅವನು ಕತ್ತರಿ ನಿಲ್ಲಿಸಿ, ಒಪ್ಕೋ ಒಪ್ಕೋ ಅಂತ ಕೈ ಮಾಡಿದ. ನಾನು ನಿಮ್ಮ ಮುಖ ನೋಡಿದೆ, ಒಳಗೆ ಪರದೆ ಹಿಂದೆ ನಿಂತಿದ್ದ ಮಗಳ ಮುಖ ನೋಡಿದೆ, ಯೋಚನೆ ಮಾಡಿ ತಲೆಯಾಡಿಸಿದೆ. ನನ್ನ ಜನ್ಮದಲ್ಲಿ ಪೂರ್ತಿ ಕೇಳಿಸಿಕೊಂಡು ಹೂಂ ಅಂದಿದ್ದು ಅದೊಂದೇ."

ತುತ್ತೂರಿಯಮ್ಮ ಬಾಯಿಗೆ ಅಡ್ಡ ಹಿಡಿದಿದ್ದ ಸೆರಗು ಬಿಟ್ಟಳು. "ಮತ್ತೆ ಇಷ್ಟು ವರ್ಷ ಊರೆಲ್ಲ ನಗ್ತಿದ್ರೂ ಯಾಕ್ರೀ ಹೇಳಲಿಲ್ಲ?"

"ಅವರಿಗೆ ಬೇಕಿದ್ದದ್ದು ತಮಾಷೆ, ಕೊಟ್ಟೆ" ಅಂದರು ಬೀಗರು. "ನೀವು ಕೇಳ್ತೀರಿ, ಆಗ ಹೇಳೋಣ ಅಂತ ಇದ್ದೆ. ನೀವು ಕೇಳಲೇ ಇಲ್ಲವಲ್ಲ."

ತುತ್ತೂರಿಯಮ್ಮ ಕಣ್ಣೊರೆಸಿಕೊಂಡು ನಗತೊಡಗಿದಳು. ಬೀಗರು ಎರಡೂ ಕೈಯಿಂದ ಕಿವಿಯ ಯಂತ್ರ ಕಿತ್ತು ಮೇಜಿನ ಮೇಲಿಟ್ಟು, ತಾವೂ ನಕ್ಕರು. ಎದುರು ಸಾಲಿನ ಕ್ಷೌರದವನು ಕತ್ತರಿ ಹಿಡಿದೇ ಬಾಗಿಲಿಗೆ ಬಂದು, "ಏನಂತೆ? ಇನ್ನೊಂದು ಮದುವೇನಾ?" ಅಂತ ಕೇಳಿದ.